ಹಿಂಬದಿಯ ಹನ್ನೊಂದು ಕ್ಲಿಪ್ಪು

ಮಾರ್ಚ್ 4

ಗುಡಿಸಿ, ಬಾಚಣಿಗೆ ನೆನೆಹಾಕಿ ಬರುವಷ್ಟರಲ್ಲಿ ಅತ್ತಿಗೆ ಮ್ಯಾಗಜೀನಿನ ಮುಖಪುಟವನ್ನು ಸಲೂನಿನ ಗಾಜಿಗೆ ಅಂಟಿಸಿಯಾಗಿತ್ತು. ಮಾಡೆಲ್ಲಿನ ತಲೆ ನನ್ನ ಕೈಕೆಲಸ. ಕೆಳಗಿರುವ ಹೆಸರು ಅವಳ ಅಂಗಡಿಯದು. ವಾರವೆಲ್ಲ ಇಲ್ಲಿ ಕತ್ತರಿ, ಶನಿವಾರ ಫ್ಯಾಷನ್ ಶೂಟಿಂಗ್ — ನನ್ನ ಹೆಸರು ಎರಡೂ ಕಡೆ ಇಲ್ಲ. ಕೇಳಿದ್ದಕ್ಕೆ, ಅಂಗಡಿ ಬೇರೆ ನೀನು ಬೇರೆಯಾ ಅಂದಳು. ಟೀ ಲೋಟ ತೊಳೆಯುವಾಗ ಮಾತ್ರ ಬೇರೆ.

ಮಾರ್ಚ್ 5

ಬಂದವರೆಲ್ಲ ಗಾಜಿನ ಕಡೆ ಬೊಟ್ಟು ಮಾಡಿ ಅದೇ ಬೇಕು ಅಂತಾರೆ. ಕಿವಿ ಮಟ್ಟದ ಕೂದಲು, ಮೋಡದ ಹಾಗೆ ಉಬ್ಬಿದ್ದು. ಅದು ಕಟಿಂಗೇ ಅಲ್ಲ. ಹಿಂದುಗಡೆ ಹನ್ನೊಂದು ಕ್ಲಿಪ್ಪು, ಒಳಗೊಂದು ಮುಷ್ಟಿ ಬೇರೆಯವರ ಕೂದಲು. ಮಾಡೆಲ್ ಕತ್ತು ತಿರುಗಿಸಿದರೆ ಕಥೆ ಮುಗೀತು. ಅತ್ತಿಗೆಗೂ ಹೇಳಿಲ್ಲ. ಫೋಟೋಗ್ರಾಫರನ ಕಟ್ಟಪ್ಪಣೆ — ಗುಟ್ಟು ಹೊರಬಿದ್ದರೆ ಮುಂದಿನ ಶನಿವಾರದಿಂದ ಬರಬೇಡ. ಅವನ ಮೂತಿಗಿಷ್ಟು... ಇಪ್ಪತ್ತು ವರ್ಷ ಊರವರ ತಲೆ ತೊಳೆದ ಮೇಲೆ ಸಿಕ್ಕ ಕೆಲಸ. ಬಾಯಿ ಮುಚ್ಚಿಕೊಂಡೆ.

ನಿಮಗೆ ಒಪ್ಪೋಲ್ಲ ಅಂತ ಹೇಳಿ ಮೂವರನ್ನು ವಾಪಸ್ ಕಳಿಸಿದ್ದಕ್ಕೆ ಅತ್ತಿಗೆ ಮುಖ ಕುದಿಯುವ ಕೆಟಲ್.

ಮಾರ್ಚ್ 7

ಹಿಂದಿನ ಬೀದಿ ಶಾಲೆಯ ಟೀಚರ್ ಬಂದರು. ಅಮ್ಮನ ವಯಸ್ಸು, ಸೊಂಟದ ತನಕ ಜಡೆ. ಅವರಿಗೂ ಅದೇ ಬೇಕಂತೆ. ಬೇಡ ಅಂದೆ. ಯಾಕೆ ಅಂದರು. ನಾಲಿಗೆ ತುದಿಗೆ ಬಂದ ಕ್ಲಿಪ್ಪನ್ನು ನುಂಗಿದೆ. ಕತ್ತರಿ ಮಾತ್ರ ಮುಟ್ಟಲಿಲ್ಲ. ಅತ್ತಿಗೆ ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ಕತ್ತರಿಸಿದಳು. ಬುಡದ ಹತ್ತಿರ, ಒಂದೇ ಸಲಕ್ಕೆ.

ಮೋಡ ಎಲ್ಲಿಂದ ಬರಬೇಕು. ಹಳೇ ಪೊರಕೆ ಬಂತು.

ಟೀಚರ್ ಕನ್ನಡಿ ನೋಡುತ್ತಾ ಕೂತೇ ಇದ್ದರು. ಎಲ್ಲರ ಎದುರು ಅತ್ತಿಗೆ, ನಮ್ಮ ನಾದಿನಿ ನನಗೆ ಸರಿಯಾಗಿ ಹೇಳಿಕೊಡಲಿಲ್ಲ ಅಂದಳು. ಕ್ಯಾಶ್ ಹತ್ತಿರ ಕೂತಿದ್ದ ಅಣ್ಣ ಪೇಪರಿನ ಹಿಂದೆ ಅಡಗಿದ. ಗಂಡಸು.

ಮಾರ್ಚ್ 12

ಇಷ್ಟು ದಿನ ಬರೆಯಲಿಲ್ಲ. ಹೊಟ್ಟೆ ಉರಿ ಆರಲೂ ಇಲ್ಲ.

ಶೂಟಿಂಗಿನಲ್ಲಿ ತಲೆಯನ್ನು ನಾಲ್ಕೂ ಕಡೆಯಿಂದ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ — ಊಟದ ಹೊತ್ತಲ್ಲಿ ಕೆದರಿದರೆ ಮತ್ತೆ ಹಾಗೇ ಕೂರಿಸಬೇಕಲ್ಲ. ಇವತ್ತು ಹಿಂಬದಿಯ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮುಖಪುಟದ ಪಕ್ಕ ಅಂಟಿಸಿದೆ. ಒಂದೊಂದು ಕ್ಲಿಪ್ಪೂ ಎಣಿಸಬಹುದು. ಮಧ್ಯಾಹ್ನದೊಳಗೆ ಬೀದಿಯೇ ನಕ್ಕಿತು. ಅತ್ತಿಗೆ ನನ್ನ ಕತ್ತರಿ ಚೀಲ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಫೋಟೋಗ್ರಾಫರನ ಫೋನು. ಇನ್ನು ಯಾವ ಸ್ಟುಡಿಯೋದವರೂ ಕರೆಯದ ಹಾಗೆ ಮಾಡ್ತಾನಂತೆ. ಮಾಡ್ಕೋ ಹೋಗು ಅಂದೆ.

ಎರಡು ಕೆಲಸವೂ ಹೋಯಿತು. ಆದರೂ ನಾನು ಒಳ್ಳೆಯವಳು, ಅವರಿಬ್ಬರೂ ಕೆಟ್ಟವರು. ಹಾಯಾಗಿ ಮಲಗ್ತೀನಿ.

ಮಾರ್ಚ್ 13, ಬೆಳಿಗ್ಗೆ ಹತ್ತು

ಟೀಚರ್ ನನ್ನ ಮನೆ ಹುಡುಕಿಕೊಂಡು ಬಂದಿದ್ದಾರೆ. ತಲೆಗೆ ಸ್ಕಾರ್ಫ್. ಥ್ಯಾಂಕ್ಸ್ ಹೇಳೋಕೆ ಅಂದುಕೊಂಡೆ, ಪೆದ್ದಿ ನಾನು. ಗಾಜಿನ ಮೇಲಿನ ಫೋಟೋ ನೋಡಿದರಂತೆ.

"ಅವಳಿಗೆ ಗೊತ್ತಿರಲಿಲ್ಲ, ಕತ್ತರಿಸಿದಳು. ನಿನಗೆ ಗೊತ್ತಿತ್ತಲ್ಲಮ್ಮ? ಪಕ್ಕದಲ್ಲೇ ನಿಂತಿದ್ದೆ ನೀನು."

ಸ್ಕಾರ್ಫ್ ಬಿಚ್ಚಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಕ್ಷಮೆ ಗಿಮೆ ಬೇಡ, ಸರಿ ಮಾಡು, ಅಂದರು.

ಟವೆಲ್ ತರುವ ನೆಪದಲ್ಲಿ ಒಳಗೆ ಬಂದು ಬರೀತಿದೀನಿ. ಉಳಿದಿರೋದು ಮೂರು ಬೆರಳು ಕೂದಲು. ಬೇಡ ಅಂದಿದ್ದೆನಲ್ಲ ಅನ್ನಲೇ... ಅಂದರೆ ನಂಬಿದರೂ ನಂಬಿಯಾರು. ಇಲ್ಲ. ಕರೀತಿದ್ದಾರೆ. ಕತ್ತರಿ ಹಿಡಿಯೋ ಮೊದಲೇ ಹೇಳಿಬಿಡ್ತೀನಿ — ಟೀಚರ್, ಶನಿವಾರದ ಆಸೆಗೆ ನಿಮ್ಮ ಜಡೆಯನ್ನ ನಾನೇ —