ಮೋಕ್ಷಾಳ ಭುಜದ ಬಣ್ಣ

ಪರ್ಕಳ
೧೭ ಸೆಪ್ಟೆಂಬರ್ ೨೦೨೪

ಅಮ್ಮ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ನಿನ್ನ ಸೊಸೆ ಮೋಕ್ಷಾಳ ದವಡೆಗೆ ತಂತಿ ಕಟ್ಟಿದ್ದಾರೆ, ಗಂಜಿತಿಳಿ ಮಾತ್ರ ಇಳಿಯುತ್ತದೆ. ಫೋನ್ ಮಾಡಿದರೆ ನೀನು ಅಳುತ್ತೀ, ನಾನು ಬೈಯುತ್ತೇನೆ, ಪಕ್ಕದಲ್ಲಿ ನಿನ್ನ ಮಗ ಉಜ್ವಲ ಕಿವಿಗೊಟ್ಟು ಕೂತಿರುತ್ತಾನೆ. ಅದಕ್ಕೇ ಈ ಕಾಗದ. ಮಣಿಪಾಲಕ್ಕೆ ಕೆಲಸಕ್ಕೆ ಬರುವ ನಿನ್ನ ನೆರೆಮನೆಯ ವನೆಸ್ಸಾ ಎರ್ಮಾಳಿಗೆ ತಂದು ನಿನ್ನ ಕೈಗೇ ಕೊಡುತ್ತಾಳೆ.

ಭಾನುವಾರದೊಳಗೆ ಮೋಕ್ಷಾಳನ್ನು ಕಳಿಸಿಬಿಡು, ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ವನೆಸ್ಸಾಳ ಹತ್ತಿರವೇ ಹೇಳಿ ಕಳಿಸಿದ್ದೀ. ಇಲ್ಲ ಅಮ್ಮ, ಕಳಿಸುವುದಿಲ್ಲ. ಉಣ್ಣುವುದಕ್ಕೆ ಹಲ್ಲು ಬೇಡವಾ? ಎರಡನ್ನು ಮೋಕ್ಷಾ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

ನಿನಗೆ ಗೊತ್ತಿಲ್ಲದ್ದೊಂದನ್ನು ಹೇಳಬೇಕು. ಈ ತಿಂಗಳ ಮೊದಲ ವಾರ ಮಣಿಪಾಲದಲ್ಲಿ ನನ್ನ ಚಿತ್ರಗಳ ಪ್ರದರ್ಶನವಾಯಿತಲ್ಲ, ಅಲ್ಲಿ ಒಬ್ಬ ಪತ್ರಕರ್ತ ನನ್ನ ಸ್ಫೂರ್ತಿ ಎಂತದು ಎಂದು ಕೇಳಿದ. ಕಾಪುವಿನ ಬಂಡೆ, ದೀಪಸ್ತಂಭ, ಮಳೆಗಾಲದ ತೆರೆ ಎಂದೆಲ್ಲ ಬೊಗಳೆ ಬಿಟ್ಟೆ. ಪೇಪರಿನಲ್ಲಿ ಬಂತು, ನೀನೂ ಓದಿ ಹೆಮ್ಮೆಪಟ್ಟೆ. ಪೂರಾ ಸುಳ್ಳು. ನನ್ನ ಮೊದಲ ಚಿತ್ರ ನಿನ್ನ ಬೆನ್ನು. ಒಂಬತ್ತು ವರ್ಷದವಳಿದ್ದೆ. ಅಪ್ಪ ದೋಣಿಯ ಹುಟ್ಟಿನಿಂದ ಹೊಡೆದು ಹೊರಗೆ ಹೋಗಿದ್ದ, ನೀನು ಅಡುಗೆಮನೆಯಲ್ಲಿ ಬೋರಲು ಬಿದ್ದಿದ್ದೆ, ರವಿಕೆ ಹರಿದಿತ್ತು. ನಾನು ಒಲೆಯ ಇದ್ದಿಲು ತೆಗೆದುಕೊಂಡು ಹೋಗಿ ಹಿತ್ತಲಿನ ಗೋಡೆಗೆ ಗೀಚಿದೆ. ಕಡಿಯಾಳಿಯ ಡಾಕ್ಟರ ಹತ್ತಿರ ಬಾವಿಕಟ್ಟೆಯಲ್ಲಿ ಜಾರಿದೆ ಎಂದು ನೀನೇ ಹೇಳಿದೆ. ನಾನೂ ಉಜ್ವಲನೂ ಹೌದೆಂದು ತಲೆಯಾಡಿಸಿದೆವು.

ಇವತ್ತಿಗೂ ನನ್ನ ಕೆಲಸ ಅದೇ. ಹಲಗೆಗೆ ಬಟ್ಟೆ ಅಂಟಿಸುತ್ತೇನೆ, ಅದರ ಮೇಲೆ ನೀನು ಕೊಟ್ಟ ಹಳೇ ಬಲೆಯ ತುಂಡು. ಕಾರ್ಕಳದಲ್ಲಿ ವಿಗ್ರಹ ಕೆತ್ತುವ ಧರ್ಮಪಾಲಣ್ಣ ಕರಿಕಲ್ಲಿನ ಚೂರು ಕೊಡುತ್ತಾರೆ. ಅದನ್ನು ದೊಡ್ಡ ಸುತ್ತಿಗೆಯಲ್ಲಿ ಜಜ್ಜಿ, ಕೆಂಪುಕಲ್ಲಿನ ಹುಡಿ ಸೇರಿಸಿ, ಗೋಂದಿನಲ್ಲಿ ಕಲಸಿ ಬಳಿಯುತ್ತೇನೆ. ಒಣಗಿದ ಮೇಲೆ ಚೂರಿಯಿಂದ ಸೀಳುತ್ತೇನೆ, ಬೆಂಕಿ ತಾಗಿಸುತ್ತೇನೆ, ಸೀಳಿದಲ್ಲಿ ಬಣ್ಣ ತುಂಬುತ್ತೇನೆ. ಕೊನೆಗೆ ಒಂದು ಭುಜವೋ ಅರ್ಧ ಕೆನ್ನೆಯೋ ಕಂಡೂ ಕಾಣದ ಹಾಗೆ ಉಳಿಯುತ್ತದೆ. ಜನ ಅದನ್ನು ಕಡಲು ಅಂದುಕೊಳ್ಳುತ್ತಾರೆ. ಸುತ್ತಿಗೆ ಎತ್ತಿದಾಗ ನನಗೆ ಸುಖವಾಗುತ್ತದೆ ಅಮ್ಮ. ನಾನೂ ಅಪ್ಪನ ಮಗಳೇ ಅಲ್ವಾ.

ಎರಡು ತಿಂಗಳ ಹಿಂದೆ, ಆಟಿಯ ಮಳೆಯಲ್ಲಿ, ಮೋಕ್ಷಾ ಮೊದಲ ಸಲ ಪೆಟ್ಟು ತಿಂದು ನನ್ನ ಕೋಣೆಗೆ ಬಂದಾಗ ಕುತ್ತಿಗೆಯಿಂದ ಭುಜದವರೆಗೆ ಬಾತುಹೋಗಿತ್ತು. ನಾನು ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. ಮೊದಲ ದಿನ ನೇರಳೆ. ಮೂರನೇ ದಿನ ಅಂಚಿನಲ್ಲಿ ಹಸಿರು, ಐದನೇ ದಿನ ಅರಸಿನ. ಬೆಳಿಗ್ಗೆಯೂ ಸಂಜೆಯೂ ಫೋಟೋ ತೆಗೆದೆ. ಅಕ್ಕನಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದು ಅವಳು ಅಂದುಕೊಂಡಿರಬೇಕು. ನಾನು ನೋವು ನೋಡಲೇ ಇಲ್ಲ, ಬಣ್ಣ ನೋಡಿದೆ. ಆರನೇ ದಿನ, ಅವಳನ್ನು ಕಳಿಸು ಎಂದು ನಿನ್ನ ಫೋನ್ ಬಂತು. ಉಜ್ವಲನಿಗೆ ನಾನು ಬುದ್ಧಿ ಹೇಳುತ್ತೇನೆ, ನೀನು ಹೋಗು ಮಾರಾಯ್ತಿ ಎಂದು ಅವಳನ್ನು ಬಸ್ಸು ಹತ್ತಿಸಿದೆ. ಅವನಿಗೆ ಎಂತದೂ ಹೇಳಲಿಲ್ಲ. ಪ್ರದರ್ಶನದ ತಲೆಬಿಸಿಯಲ್ಲಿದ್ದೆ.

ಅವಳ ಭುಜದ ಆ ಬಣ್ಣಗಳಲ್ಲೇ ಮಾಡಿದ ಚಿತ್ರಕ್ಕೆ ‘ಆಟಿಯ ಕಡಲು’ ಎಂದು ಹೆಸರಿಟ್ಟೆ. ಬಂದವರೆಲ್ಲ ಅದರ ಮುಂದೆಯೇ ನಿಂತರು. ಉದ್ಘಾಟನೆಯ ದಿನ ಮೋಕ್ಷಾಳೂ ತುಂಬ ಹೊತ್ತು ನಿಂತು ನೋಡಿದಳು. ಆಮೇಲೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಅಕ್ಕಾ, ಕಡಲು ಚೆಂದ ಉಂಟು ಎಂದಳು. ಅವಳಿಗೆ ಗೊತ್ತಾಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅವತ್ತು ಸಂಜೆ ಅವಳನ್ನು ಆ ಮನೆಗೇ ಕಳಿಸಿದೆನಲ್ಲ, ಥೂ ನನ್ನ ಜನ್ಮಕ್ಕೆ!

ಕಳೆದ ಗುರುವಾರ ಮಧ್ಯಾಹ್ನ ಇಲ್ಲಿ ರಿಕ್ಷಾದಿಂದ ಇಳಿದಾಗ ಅವಳ ರವಿಕೆಯೆಲ್ಲ ರಕ್ತ. ಎಂತದರಲ್ಲಿ ಹೊಡೆದ ಎಂದು ಕೇಳಿದೆ. ಬಾಯಿ ತೆರೆಯಲಾಗಲಿಲ್ಲ. ಎರಡೂ ಕೈ ಮುಂದೆ ಮಾಡಿ, ದೋಣಿ ನಡೆಸುವ ಹಾಗೆ ಎಳೆದು ತೋರಿಸಿದಳು. ಅಪ್ಪ ಸತ್ತು ಹನ್ನೆರಡು ವರ್ಷವಾಯಿತು, ಆ ಹುಟ್ಟನ್ನು ಇನ್ನೂ ಚಾವಡಿಯ ಗೋಡೆಗೆ ತೂಗುಹಾಕಿದ್ದೀಯಲ್ಲ ಅಮ್ಮ, ಯಾಕೆ?

ಬಲೆಯ ರಿಪೇರಿ ಕಲಿಸುವಾಗ ನೀನೇ ಹೇಳಿದ್ದೆ. ಹರಿದಲ್ಲೇ ನೂಲು ಕಟ್ಟಬೇಡ, ಸುತ್ತ ಗಟ್ಟಿ ಕಣ್ಣು ಸಿಗುವವರೆಗೆ ಕತ್ತರಿಸು, ತೂತು ದೊಡ್ಡದಾದರೆ ಆಗಲಿ, ಇಲ್ಲದಿದ್ದರೆ ಮೊದಲ ಮೀನಿಗೇ ಕಿತ್ತುಹೋಗುತ್ತದೆ ಎಂದು. ಬಲೆಗೆ ಮಾಡಿದ್ದನ್ನು ನೀನು ಮನೆಗೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಈಗ ಕತ್ತರಿ ಹಾಕಿದ್ದೇನೆ. ಶುಕ್ರವಾರ ಮೋಕ್ಷಾಳನ್ನು ಕೇಳಿ, ಅವಳು ಒಪ್ಪಿದ ಮೇಲೆ, ಪೊಲೀಸರಿಗೆ ದೂರು ಕೊಟ್ಟೆವು. ಆಟಿಯಲ್ಲಿ ಬಣ್ಣಕ್ಕೆಂದು ತೆಗೆದ ಫೋಟೋಗಳೆಲ್ಲ ದಿನ, ಗಂಟೆ ಸಮೇತ ಈಗ ಅವರ ಹತ್ತಿರ ಇವೆ. ‘ಆಟಿಯ ಕಡಲು’ ಕೊಳ್ಳಲು ಬಂದವರಿಗೆ ಇಲ್ಲ ಎಂದೆ. ಅದು ಮೋಕ್ಷಾಳದು, ಇಡುತ್ತಾಳೋ ಸುಡುತ್ತಾಳೋ ಅವಳಿಗೆ ಬಿಟ್ಟದ್ದು.

ಗುರುವಾರ ನೀನು ಅಡುಗೆಮನೆಯಲ್ಲೇ ಇದ್ದೆ. ಎಲ್ಲ ಕಂಡಿದ್ದೀ. ನೀನು ಬಾಯಿ ಬಿಡದಿದ್ದರೆ ಅವನು ಅವಳೇ ಬಿದ್ದಳು ಎಂದು ಹೇಳಿ ತಪ್ಪಿಸಿಕೊಳ್ಳುತ್ತಾನೆ, ಮುಂದಿನ ಸಲ ಅವಳು ಇಲ್ಲಿಯವರೆಗೆ ಬರುವುದೂ ಇಲ್ಲ. ಬಾ ಅಮ್ಮ. ಆ ಹುಟ್ಟನ್ನು ತೊಳೆಯಬೇಡ, ಹಾಗೆಯೇ ತೆಗೆದುಕೊಂಡು ಬಾ.

ಉಜ್ವಲ ನಿನ್ನೆ ಇಲ್ಲಿಗೆ ಬಂದಿದ್ದ. ಮಾತಾಡಿ ಕಳಿಸಿದೆ.

ನಿನ್ನ ಮಗಳು,
ಚೈತಾಲಿ

ತಾ.ಕ.: ಅವನ ಬಲಗೈಗೆ ಪ್ಲಾಸ್ಟರ್ ಹಾಕಿದ್ದನ್ನು ನೋಡಿರುತ್ತೀ. ಬೈಕಿನಿಂದ ಬಿದ್ದೆ ಎಂದಿರುತ್ತಾನೆ. ಅದು ನಿನ್ನೆ ಇಲ್ಲಿ ಮೋಕ್ಷಾಳ ಜಡೆ ಹಿಡಿದು ಎಳೆಯುತ್ತಿದ್ದ ಕೈ. ನಾನು ಕಲ್ಲು ಜಜ್ಜುತ್ತಿದ್ದೆ, ಸುತ್ತಿಗೆ ಕೈಯಲ್ಲೇ ಇತ್ತು. ಪೊಲೀಸರು ಕೇಳಿದರೆ ಇದನ್ನೂ ನಾನೇ ಹೇಳುತ್ತೇನೆ. ನೆರೆಕರೆಯವರು ಕೇಳಿದರೆ ಬಾವಿಕಟ್ಟೆಯಲ್ಲಿ ಜಾರಿದ ಎಂದು ನೀನು ಹೇಳು. ನಿನಗೆ ಅಭ್ಯಾಸ ಉಂಟಲ್ಲ.