ಖಾಲಿ ಎಂದು ತೋರಿದ ಗಾಡಿ

ಮನೆ, ಅಡುಗೆಮನೆಯ ಮೇಜು
ಜೂನ್ ೧೪, ಶನಿವಾರ

ನನ್ನ ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಖೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ವಾಸಿಯಾದವೇ? ಕೊಟ್ಟ ಮುಲಾಮನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೆ ಅದೇನೂ ತಾನಾಗಿ ಎದ್ದುಬಂದು ಹಚ್ಚಿಕೊಳ್ಳುವುದಿಲ್ಲ. ನಾನು, ಮಕ್ಕಳು ಆರೋಗ್ಯವಾಗಿದ್ದೇವೆ, ನನ್ನ ನಿದ್ದೆಯೊಂದು ಬಿಟ್ಟು.

ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಹೊಸ ಸಾಫ್ಟ್‌ವೇರ್ ಬರೆಯುವ ಕೆಲಸ ನನ್ನ ತಲೆಗೇ ಬಂತೆಂದು ಹೇಳಿದ್ದೆನಲ್ಲ. ಅದಕ್ಕೆ ಆರಿಸಿದ ವೆಬ್ ಫ್ರೇಮ್‌ವರ್ಕ್, ಅಂದರೆ ಸಿದ್ಧ ಚೌಕಟ್ಟು, ಫಂಕ್ಷನಲ್ ಎಂಬ ಬಗೆಯ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಕಟ್ಟಿದ್ದು. ನಾನು ಇಷ್ಟು ವರ್ಷ ಕಲಿತದ್ದೆಲ್ಲ ಅಲ್ಲಿ ತಲೆಕೆಳಗು. ಒಮ್ಮೆ ಇಟ್ಟ ಮಾಹಿತಿ ಬದಲಾಗುವುದೇ ಇಲ್ಲ. ಬದಲಿಸು ಎಂದರೆ, ತಿದ್ದಿದ ಹೊಸ ಪ್ರತಿಯೊಂದನ್ನು ಕೈಗೆ ಕೊಡುತ್ತದೆ; ಹಳೆಯದು ಕಲ್ಲಿನಂತೆ ಹಾಗೇ ಕೂತಿರುತ್ತದೆ. ಆ ಹೊಸದನ್ನು ನಾವು ಮರೆಯದೆ ಹಿಡಿದುಕೊಳ್ಳಬೇಕು. ಪಾಠ ಓದುವಾಗ ಚೆಂದವೇ ಅನಿಸಿತ್ತು.

ಗುರುವಾರ ಮಧ್ಯಾಹ್ನ ಹಳೆಯ ಪರದೆಯ ಪಕ್ಕದಲ್ಲೇ ಹೊಸದನ್ನೂ ಪರೀಕ್ಷೆಗೆ ಹಚ್ಚಿದೆವು. ಕರೆ ತೆಗೆದುಕೊಳ್ಳುವ ಹಿರಿಯರು, ನಾವೆಲ್ಲ ದೊಡ್ಡಕ್ಕ ಅನ್ನುತ್ತೇವೆ, ಮಹಡಿಯಿಂದ ಬಿದ್ದ ಯಾರಿಗೋ ಗಾಡಿ ಹುಡುಕುತ್ತಿದ್ದರು. ನನ್ನ ಪರದೆಯಲ್ಲಿ ಹತ್ತಿರದ ಗಾಡಿಗೆ ಹಸಿರು ಬಣ್ಣ, ಅಂದರೆ ಖಾಲಿ. ಚಾಲಕನಿಗೆ ಫೋನ್ ಮಾಡಿದರೆ ಆತ ಕಿರುಚಿದ: "ಖಾಲಿ ಎಲ್ಲಿದೆ ಅಕ್ಕಾ? ಹೆರಿಗೆ ನೋವಿನವ್ರನ್ನ ಕರ್ಕೊಂಡು ಹೋಗ್ತಿದೀನಿ!" ದೊಡ್ಡಕ್ಕ ಹಳೆಯ ಪರದೆ ನೋಡಿ ಬೇರೆ ಗಾಡಿ ಕಳಿಸಿದರು. ಬಿದ್ದವರು ಬದುಕಿಕೊಂಡರು. ನಾನು ಕೂತು ಬರೆದದ್ದನ್ನೆಲ್ಲ ಸಾಲುಸಾಲಾಗಿ ಓದಿದೆ.

ತಪ್ಪು ಒಂದೇ ಸಾಲಿನಲ್ಲಿತ್ತು. ಗಾಡಿ ಹೊರಟಿದೆ ಎಂದು ತಿದ್ದಿದ ಪ್ರತಿಯನ್ನು ಭಾಷೆ ಕೊಟ್ಟಿತ್ತು. ನಾನು ಅದನ್ನು ಹಿಡಿದುಕೊಳ್ಳದೆ ಹಳೆಯದನ್ನೇ ಪರದೆಗೆ ಕಳಿಸಿದ್ದೆ. ಎಚ್ಚರಿಕೆಯ ಒಂದಕ್ಷರ ಬರಲಿಲ್ಲ, ಏನೂ ಕುಸಿದು ಬೀಳಲಿಲ್ಲ. ಅದೇ ನನ್ನ ಹೆದರಿಕೆ ರೀ. ಅದನ್ನೇನೋ ತಿದ್ದಿದೆ, ಆದರೆ ಹೀಗೆ ಸದ್ದಿಲ್ಲದೆ ಕೂತಿರುವುದು ಇನ್ನೆಷ್ಟೋ. "ಈ ಭಾಷೆ ನಂಗಿನ್ನೂ ಕೈಗೆ ಹತ್ತಿಲ್ಲ ದೊಡ್ಡಕ್ಕ" ಎಂದು ಕಣ್ಣೀರು ಹಾಕಿದೆ. "ಅಳೋದು ಆಮೇಲೆ. ಮೊದ್ಲು ಪರದೆ ಮೇಲೆ ಎಲ್ಲಾ ಗಾಡೀನೂ ಇನ್ನೊಂದ್ಸಲ ಓಡಿಸಿ ನೋಡು" ಎಂದರು. ನಿನ್ನೆಯಿಂದ ಸಂಜೆಯ ಪಾಳಿ ಪೂರ್ತಿ ಹೊಸದರ ಮೇಲೇ ನಡೆಯುತ್ತಿದೆ. ಸೋಮವಾರ ನಮ್ಮ ಸಾಹೇಬರು ಹಳೆಯದನ್ನು ಮುಚ್ಚಿಬಿಡುತ್ತಾರಂತೆ.

ಹೊತ್ತುಹೊತ್ತಿಗೆ ಊಟ ಮಾಡಿ. ಮಕ್ಕಳಿಬ್ಬರೂ ಮುತ್ತು ಕಳಿಸಿದ್ದಾರೆ. ಚಿಕ್ಕವಳದು ಸ್ವಲ್ಪ ಅಂಟಂಟು.

ನಿಮ್ಮ
ಇವಳು

ಮತ್ತೊಂದು ಮಾತು: ನಿಮ್ಮ ಅಮ್ಮನ ಸುದ್ದಿಯೇ ಇಲ್ಲವಲ್ಲ ಎಂದು ಹುಡುಕುತ್ತಿರುತ್ತೀರಿ. ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಅವರಿಗೆ ಉಸಿರು ಸಿಗಲಿಲ್ಲ. ನಾನು ನಮ್ಮ ಕಂಟ್ರೋಲ್ ರೂಮಿಗೆ ಫೋನ್ ಮಾಡಲಿಲ್ಲ ರೀ, ಆ ಹೊತ್ತಿಗೆ ಅಲ್ಲಿ ನನ್ನ ಹೊಸ ಪರದೆಯೇ ಓಡುತ್ತಿತ್ತು. ಪಕ್ಕದ ಮನೆ ಟೈಲರ್ ಅವರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಈಗ ಚೆನ್ನಾಗಿದ್ದಾರೆ, ನರ್ಸ್ ಮೇಲೆ ರೇಗುವಷ್ಟು. ನಮ್ಮ ಅಮ್ಮನನ್ನೇ ಅದಕ್ಕೆ ಒಪ್ಪಿಸದ ನಾನು ಬೇರೆಯವರ ಅಮ್ಮಂದಿರನ್ನು ಹೇಗೆ ಒಪ್ಪಿಸಲಿ? ಹಳೆಯದನ್ನು ಮುಚ್ಚಲು ಒಪ್ಪುವುದಿಲ್ಲ ಎಂದು ಇವತ್ತು ಬೆಳಗ್ಗೆ ಸಾಹೇಬರಿಗೆ ಹೇಳಿಬಿಟ್ಟೆ. "ಹಾಗಾದ್ರೆ ಸೋಮವಾರದಿಂದ ನೀವು ಬರೋದೇ ಬೇಡ" ಎಂದರು. ಬೇಡವೆಂದರೂ ಸೋಮವಾರ ನಾನು ಹೋಗುತ್ತೇನೆ, ಹಳೆಯದನ್ನು ಮುಚ್ಚಲು ಬಿಡುವುದಿಲ್ಲ. ದೊಡ್ಡಕ್ಕ ಬಾಗಿಲಲ್ಲಿ ಕಾಯುತ್ತೇನೆ ಅಂದಿದ್ದಾರೆ.