ಹಾಸಿಗೆಯ ಮೇಲೆ ಕಾದಿರುವ ಗೋರಿಕಲ್ಲು

ಮರಳು ತೆಗೆಯಲು ಅಪ್ಪಣೆ ಕೊಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಕೊಲ್ಲಿಯ ಸ್ಮಶಾನವನ್ನು ಸಮುದ್ರ ತಿನ್ನುತ್ತಿದೆ. ತುತ್ತು ಕಲಸಿ ಕೊಡುತ್ತಿರುವವರು ತಾವು. ಕಳೆದ ಮಂಗಳವಾರ ಏಳನೆಯ ಸಾಲು ಕುಸಿಯಿತು. ಎಂಟನೆಯ ಸಾಲಿನಲ್ಲಿ ನನ್ನ ಹೆಂಡತಿ ಯುಫೇಮಿಯಾ ಮಲಗಿದ್ದಾಳೆ.

ನನ್ನ ಹಿಂದಿನ ಅರ್ಜಿಗೆ ತಮ್ಮ ಕಚೇರಿಯ ಉತ್ತರ ತಲುಪಿದೆ: ಮರಳು ತೆಗೆಯುವುದು ದಕ್ಷಿಣ ತುದಿಯಲ್ಲಿ, ಸ್ಮಶಾನವಿರುವುದು ಉತ್ತರದಲ್ಲಿ, ಆದ್ದರಿಂದ ಸಂಬಂಧವಿಲ್ಲ. ಎಂಥ ಭೂಗೋಳ! ಐವತ್ತು ವರ್ಷ ದೋಣಿ ಕಟ್ಟಿದವನ ಮಾತನ್ನೂ ಕೇಳೋಣವಾಗಲಿ. ದಂಡೆಯೆಂಬುದು ಒಂದೇ ಹಾಸು. ಇಲ್ಲಿ ತೋಡಿದ ಗುಂಡಿಗೆ ಅಲೆಯು ಅಲ್ಲಿಂದ ಮರಳು ತಂದು ತುಂಬುತ್ತದೆ. ಕಂಬಳಿಯನ್ನು ಒಂದು ಕಡೆ ಎಳೆದರೆ ಇನ್ನೊಂದು ಕಡೆ ಮಲಗಿದವರ ಕಾಲು ಕಾಣುವುದಿಲ್ಲವೇ? ನಮ್ಮಲ್ಲಿ ಕಂಡದ್ದು ನಿಜವಾದ ಕಾಲು, ಮಾನ್ಯರೇ. ನೆರೆಮನೆಯವನ ತಾತನದು.

ನಮ್ಮ ದ್ವೀಪದಲ್ಲಿ ಸತ್ತ ಕೂಡಲೇ ಕಲ್ಲು ನಿಲ್ಲಿಸುವುದಿಲ್ಲ. ವರ್ಷಗಳು ಕಳೆದು ಬಂಧುಗಳೆಲ್ಲ ಕೂಡಿದಾಗ ಕಾಂಕ್ರೀಟಿನ ಕಲ್ಲು ಎರೆದು, ಊರಿಗೆ ಊಟ ಹಾಕಿ ನಿಲ್ಲಿಸುತ್ತೇವೆ. ಅಲ್ಲಿಯವರೆಗೆ ಸತ್ತವರಿಗೆ ನೆಮ್ಮದಿಯಿಲ್ಲ. ಯುಫೇಮಿಯಾ ಒಂಬತ್ತು ವರ್ಷ ಕಾದಿದ್ದಾಳೆ. ಪದ್ಧತಿಯಂತೆ ಅವಳ ಕಲ್ಲನ್ನು ಬಿಳಿ ಹೊದಿಕೆ ಹೊದಿಸಿ ಮನೆಯಲ್ಲಿ ಅವಳ ಹಾಸಿಗೆಯ ಮೇಲೆಯೇ ಮಲಗಿಸಿದ್ದೇವೆ. ಬರುವ ಶನಿವಾರ ಊಟ.

ಮೊನ್ನೆ ಅವಳ ತಂಗಿ ಅಗಾಥಾ ಅಂಗಳದಲ್ಲಿ ಮುಸುಕಿನ ಜೋಳ ಕುಟ್ಟುತ್ತ ಕೇಳಿದಳು: "ಕಲ್ಲು ಎಲ್ಲಿ ನಿಲ್ಲಿಸ್ತೀರಿ ಭಾವ, ನೀರೊಳಗಾ? ದೋಣಿ ಕಟ್ಟೋರಲ್ವಾ ನೀವು, ಅದಕ್ಕೂ ಒಂದು ಹಾಯಿ ಕಟ್ಟಿಬಿಡಿ!"

"ಬಾಯ್ಮುಚ್ಚೇ! ಸರ್ಕಾರಕ್ಕೆ ಇನ್ನೊಮ್ಮೆ ಬರೀತೀನಿ."

"ಬರೀರಿ ಬರೀರಿ. ಆ ಕಲ್ಲಿಗೆ ಮರಳು ಎಲ್ಲಿಂದ ತಂದ್ರಿ ಅನ್ನೋದನ್ನೂ ಬರೀರಿ."

ಬರೆಯುತ್ತಿದ್ದೇನೆ. ಸ್ಮಶಾನದ ಎದುರಿನ ದಂಡೆಯಿಂದಲೇ, ಕತ್ತೆಯ ಮೇಲೆ ಹೇರಿ, ನಾನೇ ತಂದೆ. ನನ್ನ ಅಪ್ಪನ ಕಲ್ಲಿಗೂ ಅಲ್ಲಿಂದಲೇ. ಊರಿನ ಒಂದೊಂದು ಗೋರಿಕಲ್ಲೂ ಅಲ್ಲಿಯದೇ. ಸತ್ತವರಿಗೆ ಮರ್ಯಾದೆ ಮಾಡಲೆಂದು ಅವರ ಕಾಲಡಿಯ ನೆಲವನ್ನೇ ಬಗೆದೆವು. ಆದರೆ ನಮ್ಮ ಕತ್ತೆಗಳು ಒಂದು ತಲೆಮಾರಿನಲ್ಲಿ ಹೊತ್ತದ್ದನ್ನು ತಮ್ಮ ಲಾರಿಗಳು ಒಂದು ವಾರದಲ್ಲಿ ಹೊರುತ್ತಿವೆ.

ಚಂಡಮಾರುತದಲ್ಲಿ ಚುಕ್ಕಾಣಿ ಬಿಡದವನು ನಾನು. ಈಗ ದಿನವೂ ಬೆಳಿಗ್ಗೆ ಅವಳ ಗೋರಿಯಿಂದ ಕುಸಿದ ಅಂಚಿನವರೆಗೆ ಹೆಜ್ಜೆ ಅಳೆಯುತ್ತೇನೆ. ಈಸ್ಟರಿನಲ್ಲಿ ಹನ್ನೊಂದಿತ್ತು, ಇಂದು ನಾಲ್ಕು. ಎಣಿಕೆ ಹೆಚ್ಚಲೆಂದು ಬೇಕೆಂದೇ ಗಿಡ್ಡ ಹೆಜ್ಜೆ ಇಡುತ್ತೇನೆ. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಆದಕಾರಣ, ಲಾರಿಗಳನ್ನು ಇಂದೇ ನಿಲ್ಲಿಸಿ. ಗುಡ್ಡದ ಮೇಲಿನ ಸರ್ಕಾರಿ ಜಾಗದಲ್ಲಿ ನಮ್ಮ ಸತ್ತವರಿಗೆ ನೆಲ ಕೊಡಿ. ಅಗೆಯುವ ಕೆಲಸ ನಮ್ಮದು. ಶನಿವಾರದೊಳಗೆ ಅಪ್ಪಣೆ ಬಾರದಿದ್ದರೆ ಕಲ್ಲು ಆ ಹಾಸಿಗೆಯ ಮೇಲೆಯೇ ಇರುತ್ತದೆ. ಅದರ ಪಕ್ಕದಲ್ಲಿ ಮಲಗಿ ನಾನು ಅಲೆಯ ಸದ್ದು ಕೇಳುತ್ತಿರುತ್ತೇನೆ.

ಇಂತಿ,
ತಮ್ಮ ತಪ್ಪಿನಲ್ಲಿ ಒಂದು ಕತ್ತೆಹೊರೆಯಷ್ಟು ಪಾಲುಳ್ಳ,
ಲಿಂಟನ್ ಕ್ವಾಶಿ, ದೋಣಿ ಬಡಗಿ
ಬೊಕಾಜ್ ಕೊಲ್ಲಿ, ಗ್ರೆನಡೀನ್ಸ್ ದ್ವೀಪಗಳು